ತಂಬಾಕಿನ ಪ್ರಶ್ನೆಗೆ ನಾನು ಬರೆದ ಉತ್ತರ

ಅಂದು ಸೋಮವಾರ. ಬಾಯಿಯ ರೋಗಗಳ ಸಂಶೋಧನೆ ಮಾಡುತ್ತಿದ್ದ ಡಾಕ್ಟರೊಬ್ಬರು ಕೊಣ್ಣೂರಿನ ನಮ್ಮ ಶಾಲೆಯಲ್ಲಿ ಊರ ಹೆಂಗಸರ ಬಾಯಿ ನೋಡಲು ಬಂದರು. ಅವರಿಗೆ ಕನ್ನಡ ಬಾರದು. ಅವರ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ ಉತ್ತರ ಬರೆಯುವ ಕೆಲಸ ನನ್ನದಾಯಿತು.

ಸರದಿಯಲ್ಲಿ ನನ್ನ ಹೆಂಡತಿ ಗಂಗವ್ವನೂ ಬಂದಳು. ಎಲ್ಲರನ್ನೂ ಕೇಳಿದಂತೆ ಅವಳನ್ನೂ ಕೇಳಿದೆ: “ತಂಬಾಕ ತಿಂತೀರೇನ್ರಿ?”

“ಅಯ್ಯ ಮಾಸ್ತರ, ದಿನಾ ಮನ್ಯಾಗ ನೋಡೂದಿಲ್ಲೇನ್ರಿ? ತಂಬಾಕ ತಿನ್ನಾಕ ನಾ ಏನ್ ಗಂಡಸೇನು?”

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಅವರೆಲ್ಲ ಬೆಳಿಗ್ಗೆ ಮಿಸ್ರಿಯಿಂದ ಹಲ್ಲು ತಿಕ್ಕುವವರು. ಮಿಸ್ರಿಯೆಂದರೆ ಹೆಂಚಿನ ಮೇಲೆ ಸುಟ್ಟು ಪುಡಿ ಮಾಡಿದ ತಂಬಾಕು. ಅದು ನನಗೆ ಗೊತ್ತಿತ್ತು. ಆದರೆ ಪ್ರಶ್ನೆ ಇದ್ದದ್ದು ತಿನ್ನುವುದರ ಬಗ್ಗೆ, ತಿಕ್ಕುವುದರ ಬಗ್ಗೆ ಅಲ್ಲ. ಎಲ್ಲರ ಹೆಸರಿನ ಮುಂದೆಯೂ ‘ಇಲ್ಲ’ ಎಂದು ಬರೆದೆ.

ಎರಡು ವರ್ಷದ ನಂತರ ಗಂಗವ್ವನ ಕೆನ್ನೆಯ ಒಳಗೆ ಹುಣ್ಣಾಯಿತು. ದವಾಖಾನೆಯವರು ಮೊದಲು ಕೇಳಿದ್ದು, “ಮಿಸ್ರಿ ಹಚ್ಚತಿದ್ರೇನ್ರಿ?” ಎಂದು. ಆ ವರ್ಷದ ದೀಪಾವಳಿಗೆ ಅವಳು ಇರಲಿಲ್ಲ.

ನಮ್ಮೂರ ಹೆಂಗಸರ ಬಗ್ಗೆ ನಾನು ಬರೆದದ್ದು ತಪ್ಪು, ದಯವಿಟ್ಟು ತಿದ್ದಿರಿ ಎಂದು ಡಾಕ್ಟರಿಗೆ ಪತ್ರ ಹಾಕಿದೆ. ವರದಿ ಆಗಲೇ ಅಚ್ಚಾಗಿದೆ ಎಂದು ಕಾರ್ಡು ಬಂತು.