‘ಕೇಳುತ್ತದೆ’ ಎಂದು ನಾನೇ ಬರೆದೆ

2009ರ ಸುಮಾರು. ನಾನು ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ತಂಗಿ ಶಾರದಾ ಓದಿ, ಜಮಖಂಡಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಳು. ಮಗ್ಗದ ಸದ್ದಿಗೆ ನೇಕಾರರ ಕಿವಿ ಎಷ್ಟು ಮಂದವಾಗುತ್ತದೆ ಎಂಬುದು ಅವಳ ಪಿಎಚ್.ಡಿ. ವಿಷಯ. ರಬಕವಿ-ಬನಹಟ್ಟಿಯಲ್ಲಿ ಮನೆಮನೆಗೆ ಹೋಗಿ ಉತ್ತರ ಬರೆದು ತರುವ ಕೆಲಸಕ್ಕೆ ನನ್ನನ್ನೇ ಹಾಕಿಕೊಂಡಳು. ನೇಕಾರರು ನೇಕಾರನ ಮುಂದೆ ಬಾಯಿಬಿಡುತ್ತಾರೆ ಎಂಬುದು ಅವಳ ನಂಬಿಕೆ.

ವಯಸ್ಸೆಷ್ಟು, ಮಗ್ಗ ನಡೆಸಿ ಎಷ್ಟು ವರ್ಷ, ದಿನಕ್ಕೆಷ್ಟು ತಾಸು ಎಂಬುದನ್ನೆಲ್ಲ ಸಲೀಸಾಗಿ ಹೇಳಿದರು. ಮೆಲ್ಲಗೆ ಮಾತಾಡಿದರೆ ಕೇಳುತ್ತದೆಯೇ ಎಂದಾಗ ಮಾತ್ರ ಬಹಳ ಜನ ಮಾತು ತಿರುಗಿಸಿದರು. ಮಗ್ಗ ಕೆಡುವುದನ್ನು ನಾವು ಸದ್ದಿನಲ್ಲೇ ಹಿಡಿಯುತ್ತೇವೆ. ಕಿವಿ ಹೋಗಿದೆ ಎಂದು ಗೊತ್ತಾದರೆ ಮಾಲಕ ಕೆಲಸ ಬಿಡಿಸಿಯಾನೆಂಬ ಅಂಜಿಕೆ.

ನೇಕಾರನಿಗೆ ಖಾಲಿ ಜಾಗ ಕಂಡರೆ ಕೈ ಸುಮ್ಮನಿರದು. ಎಳೆ ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು, ಇಲ್ಲವಾದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಅದೇ ರೂಢಿಯಲ್ಲಿ, ಉತ್ತರ ಸಿಗದ ಕಡೆಯಲ್ಲೆಲ್ಲ ಪಕ್ಕದ ಮನೆಯವನ ಉತ್ತರ ನೋಡಿ ‘ಕೇಳುತ್ತದೆ’ ಎಂದು ತುಂಬಿದೆ. ತಂಗಿಗೆ ಚೊಕ್ಕ ಕೆಲಸ ಮಾಡಿಕೊಟ್ಟೆನೆಂದು ಹಿಗ್ಗಿದ್ದೆ.

ಮುಧೋಳ ತಾಲೂಕಿನಿಂದ ಬೇರೆಯವರು ತಂದ ಹಾಳೆಗಳಲ್ಲಿ ಅಲ್ಲಲ್ಲಿ ಖಾಲಿ ಇತ್ತು, ನನ್ನವುಗಳಲ್ಲಿ ಒಂದೂ ಇರಲಿಲ್ಲ. ಶಾರದಾ ಲೆಕ್ಕ ಹಾಕಿದರೆ ನಮ್ಮ ಮುದುಕರ ಕಿವಿ ಹುಡುಗರಷ್ಟೇ ಚುರುಕು. ಮನೆಗೆ ಬಂದು ನಗುತ್ತಲೇ ಕೇಳಿದಳು: “ಅಣ್ಣಾ, ನಿಮ್ಮ ಓಣ್ಯಾಗ ಮುದುಕರ ಕಿವಿಗೆ ಏನ್ ಹಾಕ್ತಾರೋ? ನಮ್ಮ ಅತ್ತಿಗೂ ಒಂದೀಟು ಕೊಡು.”

ನನಗೆ ನಗು ಬರಲಿಲ್ಲ. ಮಾಡಿದ್ದನ್ನು ಹೇಳಿದೆ. ಪ್ರಬಂಧ ಒಪ್ಪಿಸುವ ದಿನ ಹತ್ತಿರವಿತ್ತು. ನನ್ನ ಹಾಳೆಗಳನ್ನು ತೆಗೆದರೆ ಅರ್ಧ ಕೆಲಸವೇ ಹೋಗುತ್ತಿತ್ತು.

“ಖಾಲಿ ಬಿಟ್ಟಿದ್ರ ನಡೀತಿತ್ತು ಅಣ್ಣಾ. ಈಗ ಅವರು ಹೇಳಿದ್ದ್ಯಾವುದು, ನಿಂದ್ಯಾವುದು?”

ಎಲ್ಲವೂ ನೆನಪಿರಲಿಲ್ಲ. ಅವಳು ಬೈಯಲಿಲ್ಲ. ತನ್ನ ಮಾರ್ಗದರ್ಶಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಸಮಯ ಕೇಳಿದಳು. ಆಮೇಲೆ ನನ್ನ ಜೊತೆ ಮತ್ತೆ ಮನೆಮನೆಗೆ ಬಂದಳು. ನೀವು ಹೇಳದ್ದನ್ನು ನಾನು ಬರೆದಿರಬಹುದು ಎಂದು ಪ್ರತಿ ಹೊಸ್ತಿಲಲ್ಲೂ ನಾನೇ ಹೇಳಬೇಕಾಯಿತು. ಕೆಲವರು ಈ ಸಲ ಬಾಯಿಬಿಟ್ಟರು. ನನಗೆ ಮಗ್ಗ ಕಲಿಸಿದ ಮಲ್ಲಪ್ಪಕಾಕಾ ಮಾತ್ರ ಬಾಯಿಬಿಡಲಿಲ್ಲ. ಕಿವಿಯ ಹತ್ತಿರ ಬಾಗಿ ಕೇಳಿದರೆ, “ನಿನಗ ಗೊತ್ತೈತಲ್ಲಲೇ, ಮತ್ಯಾಕ ಕೇಳ್ತಿ? ಗೊತ್ತಿದ್ದದ್ದನ್ನ ಹೊಟ್ಯಾಗ ಇಟಗೋ” ಎಂದ.

ಹೊರಗೆ ಬಂದ ಮೇಲೆ, ಅವನ ಕಿವಿ ಹೋಗಿರುವುದು ಊರಿಗೇ ಗೊತ್ತು, ಬರೆದುಬಿಡು ಎಂದೆ.

“ಅವರು ಹೇಳಿಲ್ಲ. ಖಾಲಿನ ಇರಲಿ” ಎಂದಳು.

ಹಾಗೆ ಉಳಿದ ಖಾಲಿಗಳಿಗೆ ಅವಳು ಬಳಸಿದ್ದು ಮಲ್ಟಿಪಲ್ ಇಂಪ್ಯುಟೇಶನ್ ಎಂಬ ವಿಧಾನ. ಅಷ್ಟೇ ವಯಸ್ಸಿನ, ಅಷ್ಟೇ ವರ್ಷ ಮಗ್ಗ ನಡೆಸಿದವರ ಉತ್ತರಗಳ ಆಧಾರದ ಮೇಲೆ ಕಂಪ್ಯೂಟರ್ ಪ್ರತಿ ಖಾಲಿಯನ್ನೂ ಹಲವು ಸಲ, ಬೇರೆಬೇರೆಯಾಗಿ ತುಂಬುತ್ತದೆ. ಪ್ರತಿ ಸಲವೂ ಪೂರ್ತಿ ಲೆಕ್ಕ ಮಾಡಿ, ಕೊನೆಗೆ ಎಲ್ಲವನ್ನೂ ಒಟ್ಟುಗೂಡಿಸುತ್ತಾರೆ. ಆ ಲೆಕ್ಕಗಳ ಫಲಿತಾಂಶಗಳು ಒಂದಕ್ಕೊಂದು ದೂರವಿದ್ದಷ್ಟೂ ನಮಗೆ ಗೊತ್ತಿಲ್ಲದ್ದು ಹೆಚ್ಚು. ಹಾಗಾದರೆ ನಾನು ಮಾಡಿದ್ದೂ ಅದೇ ಅಲ್ಲವೇ ಎಂದು ಕೇಳಿದೆ.

“ನೀ ಒಂದ ಸಲ ತುಂಬಿ, ಅದನ್ನ ಖರೆ ಅಂತ ಬರದಿ. ಇದು ಎಷ್ಟೋ ಸಲ ತುಂಬತೈತಿ, ಒಂದನ್ನೂ ಖರೆ ಅನ್ನಂಗಿಲ್ಲ.”

ಬಾಯಿಬಿಡದವರ ಕಿವಿ ಇನ್ನೂ ಮಂದ ಇರಬಹುದೆಂದು ಹಿಡಿದು ಬೇರೆಯಾಗಿಯೂ ಲೆಕ್ಕ ಮಾಡಿದಳು. ನನ್ನ ಹಾಳೆಗಳು ಮುಚ್ಚಿಟ್ಟದ್ದು ಆಗ ಕಂಡಿತು: ಮಗ್ಗದ ಮುಂದೆ ವರ್ಷ ಕಳೆದಷ್ಟೂ ಕಿವಿ ಹೋಗುತ್ತದೆ. ಎಷ್ಟು ಉತ್ತರ ಸಿಗಲಿಲ್ಲ, ಯಾಕೆ ಸಿಗಲಿಲ್ಲ, ಯಾವ ಹಾಳೆಗಳನ್ನು ತಿದ್ದಬೇಕಾಯಿತು ಎಂಬುದೂ ಪ್ರಬಂಧದಲ್ಲಿದೆ. ಪದವಿ ತಡವಾಗಿ ಬಂತು. ಅದು ತಡವಾದದ್ದು ನನ್ನಿಂದ.

ಎರಡು ವರ್ಷದ ಮೇಲೆ ಬೀಳಗಿ ಕಡೆ, ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರ ಸಮೀಕ್ಷೆಗೆ ಶಾರದಾ ಮತ್ತೆ ನನ್ನನ್ನೇ ಕರೆದಳು. ಅವಳ ಜಾಗದಲ್ಲಿ ನಾನಿದ್ದರೆ ಕರೆಯುತ್ತಿರಲಿಲ್ಲ. ಅಲ್ಲೊಬ್ಬ ಅಜ್ಜಿ, ಮುಳುಗಿದ ಮನೆಯ ಬಗ್ಗೆ ಕೇಳಿದಾಗ ಸುಮ್ಮನೆ ಕುಳಿತಳು. ಆಕೆ ಕೊಟ್ಟ ಚಹಾ ಕುಡಿದು, ಆ ಜಾಗ ಖಾಲಿ ಬಿಟ್ಟು ಎದ್ದು ಬಂದೆ. ಗೊತ್ತಿಲ್ಲ ಎಂದು ಮೊದಲು ಒಪ್ಪಿಕೊಂಡವನಿಗಷ್ಟೇ ಅಂದಾಜು ಮಾಡುವ ಹಕ್ಕು. ಇದನ್ನು ನನಗೆ ಕಲಿಸಿದವಳು ನನಗಿಂತ ಚಿಕ್ಕವಳು, ನನ್ನ ತಂಗಿ.