ಇಪ್ಪತ್ತೆರಡನೆಯ ದಿನ

ಬೆಳಗಾಗುವ ಮುನ್ನ ನೀತಾ ಮಾಡುವ ಕೆಲಸಗಳು ಇವು: ನಳಕ್ಕೆ ನೀರು ಬಂದೊಡನೆ ಡ್ರಮ್ ತುಂಬಿಸುವುದು, ಉಪ್ಪು-ಸೋಡಾ ಹಾಕಿದ ನೀರಿನಿಂದ ಬಾಯಿ ಮುಕ್ಕಳಿಸುವುದು, ಅತ್ತೆಗೆ ಸ್ನಾನದ ನೀರು ಕಾಯಿಸುವುದು, ಕಂಕುಳಲ್ಲಿ ಥರ್ಮಾಮೀಟರ್ ಅದುಮಿಕೊಂಡು ಇನ್ನೊಂದು ಕೈಯಲ್ಲಿ ಪಲ್ಯ ತಿರುವುವುದು, ಗಂಡನ ಡಬ್ಬಿಗೆ ನಾಲ್ಕು ರೊಟ್ಟಿ ಬಡಿಯುವುದು. ಎರಡು ರೊಟ್ಟಿಗೊಮ್ಮೆ ಗೋಡೆಗೆ ಒರಗಿ ಕೂರುವುದು. ಈ ಕೊನೆಯದನ್ನು ಮರಾಠಿ ನಾಡಿನ ಬಿಬವೇವಾಡಿಯ ಆ ಎರಡು ಕೋಣೆಯ ಮನೆಯಲ್ಲಿ ಯಾರೂ ಕೆಲಸವೆಂದು ಎಣಿಸುವುದಿಲ್ಲ.

ನಲವತ್ತೇಳರ ನೀತಾಳಿಗೆ ಎದೆಯ ಕ್ಯಾನ್ಸರ್. ಆರು ಸಲ ಕೀಮೋ ಆಗಬೇಕು, ಮೂರು ಆಗಿವೆ. ಒಂದೊಂದು ಸುತ್ತಿಗೂ ಆಸ್ಪತ್ರೆಯವರು ಸೈಕಲ್ ಎನ್ನುತ್ತಾರೆ. ವಾರ್ಡಿನ ಸಿಸ್ಟರ್ ಮರಾಠಿಯಲ್ಲಿ, ಬೆರಳು ಮಡಚಿ ತಿಳಿಸಿದ್ದರು. ಔಷಧಿ ಏರಿಸಿದ ದಿನವೇ ಒಂದನೆಯ ದಿನ. ಎರಡನೆಯ ವಾರ ರಕ್ತದ ಬಿಳಿ ಕಣಗಳು ಇಳಿಯುತ್ತವೆ, ಜ್ವರ ಬಂದರೆ ಕಾಯದೆ ಬರಬೇಕು. ಮೂರನೆಯ ವಾರ ಕಣಗಳು ಚೇತರಿಸಿಕೊಳ್ಳುತ್ತವೆ. ಇಪ್ಪತ್ತೆರಡನೆಯ ದಿನವೇ ಮುಂದಿನ ಸೈಕಲಿನ ಒಂದನೆಯ ದಿನ. ನಡುವಿನ ಇಪ್ಪತ್ತು ದಿನ ರಜೆಯಲ್ಲ, ಅದೂ ಚಿಕಿತ್ಸೆಯೇ.

ಅತ್ತೆ ನಾಗವ್ವನ ಎಣಿಕೆ ಬೇರೆ. ಮುಟ್ಟಾದವಳಿರಲಿ, ಬಾಣಂತಿಯಿರಲಿ, ಹೆಂಗಸಿನ ದಿನಗಳನ್ನು ಅವಳು ಮೈಗೆ ನೀರು ಹಾಕಿಕೊಂಡು ಒಲೆಗೆ ಬಂದ ದಿನದಿಂದಲೇ ಎಣಿಸಿದವರು. ಮೂರನೆಯ ಕೀಮೋ ಆದದ್ದು ಮೂರನೆಯ ತಾರೀಖು. ವಾಂತಿ ನಿಂತು ನೀತಾ ಸ್ನಾನ ಮಾಡಿ ಅಡುಗೆಮನೆಗೆ ಬಂದದ್ದು ಎಂಟಕ್ಕೆ. ನಾಗವ್ವ ಅಲ್ಲಿಂದ ಎಣಿಸಿದರು: ಮುಂದಿನದು ಇಪ್ಪತ್ತೊಂಬತ್ತಕ್ಕೆ. ಹಾಗಾಗಿ ಮಗಳ ಮಗಳಾದ ಪೂರ್ವಾಳ ಕುಬಸವನ್ನು ಇಪ್ಪತ್ತನಾಲ್ಕರ ಶುಕ್ರವಾರ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ನಲವತ್ತು ಜನಕ್ಕೆ ಊಟ. ಚೊಚ್ಚಲ ಬಸುರಿಗೆ ಉಡಿ ತುಂಬುವುದು ಅಜ್ಜಿ, ಹೋಳಿಗೆ ಮಾಡುವುದು ನೀತಾ.

"ಅತ್ತೀ, ಇಪ್ಪತ್ತನಾಲ್ಕಕ್ಕ ನಂದು ನಾಕನೇದು ಅದರೀ," ಎಂದಳು ನೀತಾ, ಎಲ್ಲರನ್ನೂ ಕರೆದು ಮುಗಿದ ಮೇಲೆ ವಿಷಯ ತಿಳಿದಾಗ.

"ಅದ್ಹೆಂಗ? ಐದು ದಿನಾ ಮಲಗಿದ್ದಿ. ಅವನ್ನೂ ಲೆಕ್ಕಕ್ಕ ಹಿಡೀತಾರೇನು?"

"ಅವನ್ನ ಮೊದಲು ಹಿಡೀತಾರ್ರಿ."

"ಹಂಗಾರ ನಾಕು ದಿನಾ ಮುಂದಕ್ಕ ಹಾಕಂತ ಹೇಳು. ಔಷಧಿ ಏನು ಓಡಿಹೋಗ್ತದೇನು?"

"ಔಷಧಿ ಹೋಗಂಗಿಲ್ರಿ. ಗಂಟು ಬೆಳೀತದ. ಅದಕ್ಕ ಕುಬಸದ ಕರೆಯೋಲೆ ಕೊಟ್ಟಿಲ್ಲಲ್ಲ ನಾವು."

ನಾಗವ್ವ ಕೋಪದಿಂದ ಮುಖ ತಿರುಗಿಸಿದರು. ಆದರೆ ಸ್ವಲ್ಪ ಹೊತ್ತಿಗೆ ತಾವೇ ಕಡಲೆಬೇಳೆಯ ಡಬ್ಬಿ ಇಳಿಸಿ, "ಆರಿಸಿಡು" ಎಂದು ಅವಳ ಮುಂದಿಟ್ಟರು.

ಇಪ್ಪತ್ಮೂರರ ಬೆಳಿಗ್ಗೆ ನೀತಾ ಒಬ್ಬಳೇ ಹೋಗಿ ರಕ್ತ ಕೊಟ್ಟು ಬಂದಳು. ಕಣಗಳು ಏರದಿದ್ದರೆ ಡಾಕ್ಟರರೇ ಒಂದು ವಾರ ಮುಂದೂಡುತ್ತಾರೆ, ಆಗ ಯಾರೊಂದಿಗೂ ವಾದಿಸಬೇಕಿಲ್ಲ. ರಿಕ್ಷಾದಲ್ಲಿ ಕುಳಿತು ಅವಳು ಅದನ್ನೇ ಬಯಸಿದಳು. ಬಯಸಿದ್ದಕ್ಕೆ ತನಗೇ ಭಯವಾಯಿತು. ಮಧ್ಯಾಹ್ನ ಮೊಬೈಲಿಗೆ ರಿಪೋರ್ಟ್ ಬಂತು. ಕಣಗಳು ಸರಿಯಾಗಿದ್ದವು.

ಸಂಜೆ ಗಂಡ ಅಪ್ಪಾಸಾಹೇಬ ಮಾರ್ಕೆಟ್ ಯಾರ್ಡಿನ ಅಂಗಡಿಯಿಂದ ಬೆಲ್ಲ ಹೊತ್ತು ತಂದ. ಚಹಾ ಕುಡಿಯುತ್ತ ಅಂದ, "ಅವ್ವ ಅನ್ನೂದೂ ಖರೇನ ಅದ. ನಾಕು ದಿನದ ಮಾತು. ಸಿಸ್ಟರಗ ಒಂದು ಫೋನ್ ಹಚ್ಚು."

"ನೀವ ಹಚ್ರಿ."

"ನಂಗೇನು ತಿಳೀತದ ಅದು? ದಿನ ಎಲ್ಲಾ ನಿಂಗ ಗೊತ್ತು."

ಲೋಟ ಅಲ್ಲೇ ಇಟ್ಟು ಅವನು ಬಾಡಿಗೆ ಕುರ್ಚಿ ತರಲು ಹೋದ. ನಾಗವ್ವ ಹೂವಿಗೆ ಹೋಗಿದ್ದರು. ಬೋಗುಣಿಯಲ್ಲಿ ಆರಿಸಿದ ಬೇಳೆಗೆ ಇನ್ನೂ ನೀರು ಹಾಕಿರಲಿಲ್ಲ. ಔಷಧಿಯಿಂದ ನೀತಾಳ ಬೆರಳ ತುದಿಗಳು ಜೋಮು ಹಿಡಿದಿದ್ದವು. ನಂಬರು ಒತ್ತುವಾಗ ಎರಡು ಸಲ ತಪ್ಪಿತು.

"ನಾಳೆ ಬರ್ತೀರಲ್ಲ?" ಸಿಸ್ಟರ್ ಮರಾಠಿಯಲ್ಲಿ ಕೇಳಿದರು. ಹಿಂದೆ ವಾರ್ಡಿನ ಗದ್ದಲ.

ನೀತಾ ಬೇಳೆಯ ಬೋಗುಣಿಯನ್ನು ಗೋಡೆಯ ಕಡೆ ಸರಿಸಿದಳು.

"ಎಂಟಕ್ಕೆ ಬರ್ತೀನಿ," ಎಂದಳು ಮರಾಠಿಯಲ್ಲೇ. "ಕಿಟಕಿ ಪಕ್ಕದ ಹಾಸಿಗೆ ಖಾಲಿ ಇದ್ದರೆ ಇಟ್ಟಿರಿ."

"ಜೊತೆಗೆ ಯಾರು?"

"ಮನೆಯಲ್ಲಿ ಎಲ್ಲರಿಗೂ ಕೆಲಸ ಇದೆ. ನಾನೊಬ್ಬಳೇ."