ಕಸ ಹೊಡೆಯುವವಳು ಹೇಳಿದ ಉಪಾಯ

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಯಬಾಗದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಐಟಿಐ ಮುಗಿಸಿದವನು, ಮಷೀನು ಮುಟ್ಟಿದರೆ ಸಾಕು ಕೆಟ್ಟದ್ದೇನೆಂದು ಹೇಳುವವನು ಎಂಬ ಹೆಸರಿತ್ತು. ಆ ಹೆಸರಿನ ಮೇಲೆ ನನಗೆ ಬಲು ಆಸೆ.

ಹೊಸದಾಗಿ ಬಂದ ಮ್ಯಾನೇಜರ್ ಸಾಹೇಬರು ಗೇಟಿನ ಬಳಿ ಒಂದು ಪೆಟ್ಟಿಗೆ ತೂಗುಹಾಕಿಸಿ, ಕೆಲಸ ಸುಧಾರಿಸಲು ಏನು ತೋಚಿದರೂ ಬರೆದು ಹಾಕಿ ಎಂದರು. ತಿಂಗಳಾದ ಮೇಲೆ ತೆರೆದರೆ ಒಳಗಿದ್ದದ್ದು ಬೀಡಿ ತುಂಡುಗಳು. ಅವರು ಸಿಟ್ಟಾಗಲಿಲ್ಲ. ಪೆಟ್ಟಿಗೆ ಇಳಿಸಿ, ಪ್ರತಿ ಸೋಮವಾರ ಪಾಳಿ ಬದಲಾಗುವಾಗ ತಾವೇ ಬಂದು ನಿಂತು ಕೇಳತೊಡಗಿದರು: "ಈ ವಾರ ನಿಮಗ ತ್ರಾಸ ಕೊಟ್ಟಿದ್ದು ಯಾವುದು, ಅಷ್ಟ ಹೇಳ್ರಿ."

ಎರಡು ಸೋಮವಾರ ಯಾರೂ ಬಾಯಿ ಬಿಡಲಿಲ್ಲ. ಮೂರನೆಯ ಸಲ, ಗೋದಾಮಿನಲ್ಲಿ ಕಸ ಹೊಡೆಯುವ ಹೆಂಗಸು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಸಕ್ರಿ ಬೀಳೋ ಕೊಳವಿ ತುದಿ ಅಗಲ ಐತ್ರಿ. ಚೀಲ ನೆಟ್ಟಗ ಕೂಡಂಗಿಲ್ಲ, ಬಾಜೂಕ ಚೆಲ್ಲತೈತಿ. ದಿನಾ ಬಳಿಯಾಕಿ ನಾನ ನೋಡ್ರಿ. ಅದಕ್ಕ ಅಂಗಿ ತೋಳಿನಂಗ ಒಂದು ಅರಿವಿ ಹೊಲಿದು ಕಟ್ಟಿದ್ರ ಆಗೂದಿಲ್ಲೇನ್ರಿ?"

ಆ ಕೊಳವೆಯ ಕೆಳಗೆ ನಾನು ಕಬ್ಬು ನುರಿಸುವ ಎಂಟು ಹಂಗಾಮು ಓಡಾಡಿದ್ದೆ. ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ಸಾಹೇಬರು ನನ್ನತ್ತ ತಿರುಗಿ, "ಫಿಟ್ಟರ್, ಮಾಡಿಕೊಡ್ರಿ" ಎಂದಾಗ, ಕಸ ಹೊಡೆಯುವವಳು ಹೇಳಿದ್ದನ್ನು ನಾನು ಮಾಡಬೇಕೇ ಎನಿಸಿದರೂ ಹೂಂ ಎಂದೆ.

ಮಾಡಿಕೊಡಲಿಲ್ಲ. ಸಾಮಾನು ಬಂದಿಲ್ಲವೆಂದು ನಾಲ್ಕು ದಿನ ಸುಳ್ಳು ಹೇಳಿದೆ. ಐದನೆಯ ದಿನ ಅವಳೇ ವರ್ಕ್‌ಶಾಪಿಗೆ ಬಂದಳು. "ಅಣ್ಣಾರ, ಅಳತಿ ಅಷ್ಟ ಹೇಳ್ರಿ, ನಾನ ಹೊಲಿತೀನಿ." ಪೀಡೆ ತೊಲಗಲೆಂದು ಹೇಳಿದೆ. ಅವಳು ಹಳೆಯ ತಾಡಪತ್ರಿ ಕತ್ತರಿಸಿ, ದಬ್ಬಣದಿಂದ ತೋಳಿನಂತೆ ಹೊಲಿದು ಕೊಳವೆಗೆ ಕಟ್ಟಿದಳು. ಒಂದು ಪಾಳಿ ಮುಗಿದರೂ ನೆಲದ ಮೇಲೆ ಸಕ್ಕರೆ ಇರಲಿಲ್ಲ.

ಮುಂದಿನ ಸೋಮವಾರ ಸಾಹೇಬರು ಅವಳ ಬಾಯಿಂದಲೇ ಎಲ್ಲರಿಗೂ ವಿವರಣೆ ಕೊಡಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ಸದ್ದಾಗದ ಹಾಗೆ ತಟ್ಟಿದೆ. "ಅಳತಿ ಈ ಅಣ್ಣಾರು ಕೊಟ್ಟಾರ್ರಿ" ಎಂದು ಅವಳು ನನ್ನ ಕಡೆ ಕೈ ತೋರಿಸಿದಳು. ಸಾಹೇಬರು ನನ್ನ ಕೈ ಕುಲುಕಿದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ಸುಳ್ಳು ಅವಳಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ಎಂದೂ ಬರಲಿಲ್ಲ.

ಆಮೇಲೆ ಬಾಯ್ಲರಿನವರು, ಕಬ್ಬು ಇಳಿಸುವವರು, ಒಬ್ಬೊಬ್ಬರಾಗಿ ಮಾತಾಡತೊಡಗಿದರು. ನಾನು ಹಂಗಾಮು ಮುಗಿಯುತ್ತ ಬರುವವರೆಗೂ ಬಾಯಿ ಬಿಗಿದುಕೊಂಡೇ ಇದ್ದೆ. ಕೊನೆಗೆ ತಡೆಯಲಾಗಲಿಲ್ಲ. ಗಾಣದ ಬೇರಿಂಗಿಗೆ ಗ್ರೀಸು ಹಾಕಲು ಪ್ರತಿ ಸಲ ಮಷೀನು ನಿಲ್ಲಿಸಬೇಕಾಗುತ್ತಿತ್ತು. ಹೊರಗಿನಿಂದಲೇ ಒಂದು ಪೈಪು ಕೊಡಬಹುದೆಂದು ಹೇಳಿದೆ.

"ಇಷ್ಟು ದಿನಾ ಯಾಕ ಹೇಳಲಿಲ್ಲ?" ಎಂದರು ಸಾಹೇಬರು.

"ಯಾರೂ ಕೇಳಿರಲಿಲ್ರಿ" ಎಂದೆ. ಅದೂ ಪೂರ್ತಿ ನಿಜವಲ್ಲ.

ಪೈಪು ಕೂಡಿಸಿದ ದಿನ ಅವಳು ನೋಡಲು ಬಂದಳು. "ಹೆಂಗ ಮಾಡೀರಿ ಅಣ್ಣಾರ, ತೋರಸ್ರಿ." ತೋರಿಸಿದೆ. ಅವಳು ಬಗ್ಗಿ ನೋಡುತ್ತ ನಿಂತಷ್ಟು ಹೊತ್ತೂ, ಇನ್ನೇನು ಇದಕ್ಕೂ ಒಂದು ಉಪಾಯ ಹೇಳಿಬಿಡುತ್ತಾಳೆಂದು ನಾನು ಒರೆಸಿದ ಸ್ಪ್ಯಾನರನ್ನೇ ಮತ್ತೆ ಮತ್ತೆ ಒರೆಸುತ್ತಿದ್ದೆ.